ನೋವಿಗೆ ಮಾತ್ರೆ ಸಿಕ್ಕಿತು, ಹೊಟ್ಟೆ ಕಟ್ಟಿತು

ನಮ್ಮ ದೊಡ್ಡಪ್ಪನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಮಾರ್ಫಿನ್ ಮಾತ್ರೆ ಶುರುವಾದ ಮೇಲೆ, ಎಷ್ಟೋ ತಿಂಗಳ ನಂತರ ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಆದ್ರೆ ಹತ್ತನೇ ದಿನಕ್ಕೆ ಮಾತ್ರೆಗಳು ದಿಂಬಿನ ಕೆಳಗೆ ಸಿಕ್ಕವು. ನುಂಗದೆ ಬಚ್ಚಿಟ್ಟಿದ್ದರು! ದೊಡ್ಡಮ್ಮ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ನನಗೆ ಫೋನ್ ಮಾಡಿ, "ಆರು ದಿನ ಆಯ್ತು ಕಣೋ, ಹೊಟ್ಟೆ ಕಲ್ಲಾಗಿದೆ. ನೋವಾದ್ರೂ ತಡ್ಕೋತೀನಿ, ಇದನ್ನ ತಡ್ಕೊಳ್ಳಕ್ಕಾಗಲ್ಲ" ಅಂದರು. ಸೊಸೆ ಮುಂದೆ ಹೇಳೋಕೆ ನಾಚಿಕೆ ಅಂತೆ.

ವೀಕ್ಷಕರೇ, ಇದು ನಮ್ಮ ಒಂದು ಮನೆಯ ಕಥೆ ಅಲ್ಲ.

ಮಾರ್ಫಿನ್ ಮೆದುಳಿಗೆ ಹೋಗಿ ನೋವನ್ನಷ್ಟೇ ತಗ್ಗಿಸುವುದಿಲ್ಲ. ಕರುಳಿನ ಮೇಲೂ ಅದು ಕೆಲಸ ಮಾಡುತ್ತೆ. ನಾನು ಇಂಜಿನಿಯರಿಂಗ್ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಪೈಪ್ ಸರಿಯಾಗಿದೆ, ಪಂಪ್ ನಿಧಾನವಾಗಿದೆ. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಅದರ ನೀರನ್ನು ದೇಹ ಹೀರಿಕೊಂಡು ಗಟ್ಟಿ ಮಾಡುತ್ತೆ. ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆಗೆ ಮಾತ್ರ ದೇಹ ಒಗ್ಗಿಕೊಳ್ಳುವುದಿಲ್ಲ. ಮಾತ್ರೆ ಇರೋವರೆಗೂ ಅದೂ ಇರುತ್ತೆ.

ಹಾಗಾಗಿ ಮಾರ್ಫಿನ್ ಶುರುವಾದ ದಿನವೇ ಭೇದಿ ಮಾಡಿಸುವ ಔಷಧಿಯೂ ಶುರುವಾಗಬೇಕು. ಕರುಳನ್ನು ಚುರುಕುಗೊಳಿಸುವ ಬಿಸಾಕೊಡಿಲ್ ಅಥವಾ ಸೋನಾಮುಖಿ, ಮಲ ಮೆದು ಮಾಡುವ ಲ್ಯಾಕ್ಟುಲೋಸ್ ಸಿರಪ್, ಯಾವುದು ಎಷ್ಟು ಅಂತ ಡಾಕ್ಟರ್ ಹೇಳ್ತಾರೆ. ನಾವು ಮನೆಯಲ್ಲಿ ಮಾಡೋದೇನು? ಇಸಬ್‌ಗೋಲ್ ಕಲಸಿ ಕುಡಿಸ್ತೀವಿ. ಸರಿಯಾಗಿ ನೀರು ಕುಡಿಯದೆ ಮಲಗಿರುವ ರೋಗಿಗೆ ಅದು ಕರುಳಿನಲ್ಲಿ ಅಂಟಾಗಿ ಇನ್ನಷ್ಟು ಕಟ್ಟಿಕೊಳ್ಳಬಹುದು. ದೊಡ್ಡಪ್ಪನ ಡಿಸ್ಚಾರ್ಜ್ ಚೀಟಿಯಲ್ಲಿ ಆ ಔಷಧಿ ಬರೆದೇ ಇತ್ತು, ಕೊನೆಯ ಸಾಲಿನಲ್ಲಿ, ಓದಲಾಗದ ಅಕ್ಷರದಲ್ಲಿ. ಯಾತಕ್ಕೆ ಅಂತ ಆ ಆಸ್ಪತ್ರೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ನಿಮಿಷದ ಮಾತು, ಅಷ್ಟೇ!

ಮಾತ್ರೆಯನ್ನು ದಿಢೀರನೆ ನಿಲ್ಲಿಸಿದ್ದರಿಂದ ಅವರಿಗೆ ನೋವು ಮರಳಿತು, ಜೊತೆಗೆ ಬೆವರು, ಚಡಪಡಿಕೆ. "ಚಟ ಹತ್ತಿಬಿಟ್ಟಿದೆ" ಅಂದರು ನೆಂಟರು. ಅಲ್ಲ ಸ್ವಾಮಿ. ದೇಹ ಔಷಧಿಗೆ ಒಗ್ಗಿರುವುದು ಬೇರೆ, ಚಟ ಬೇರೆ. ನಿಲ್ಲಿಸುವುದಾದರೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ನಿಜವಾಗಿ ಹೆದರಬೇಕಾದ್ದು ಇನ್ನೊಂದಿದೆ. ರೋಗಿಯನ್ನು ಅಲುಗಾಡಿಸಿದರೂ ಎಚ್ಚರವಾಗುತ್ತಿಲ್ಲ, ಉಸಿರು ತೀರಾ ನಿಧಾನವಾಗಿದೆ ಅಂದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಿದ್ದೆ ಮಾತ್ರೆ, ಮದ್ಯ ಇದರ ಜೊತೆ ಸೇರಲೇಬಾರದು. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ, ಔಷಧಿ ದೇಹದಲ್ಲೇ ಉಳಿದು ಹೆಚ್ಚಾಗುತ್ತೆ. ಮಾತ್ರೆ ಬೀಗ ಹಾಕಿದ ಕಪಾಟಿನಲ್ಲಿರಲಿ.

ನಮ್ಮ ದೇಶದಲ್ಲಿ ಸರ್ಕಾರದ ಲೈಸೆನ್ಸ್‌ನಲ್ಲೇ ಅಫೀಮು ಬೆಳೆದು ಹೊರದೇಶಕ್ಕೂ ಕಳಿಸ್ತೀವಿ. ಆದರೆ 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ನಮ್ಮದೇ ರೋಗಿಗಳಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಇಷ್ಟು ಕಷ್ಟಪಟ್ಟು ಸಿಗುವ ಮಾತ್ರೆ ಹೊಟ್ಟೆ ಕಟ್ಟಿತು ಅಂತ ದಿಂಬಿನಡಿ ಸೇರೋದಾ?

ದೊಡ್ಡಪ್ಪನಿಗೆ ಡಾಕ್ಟರ್ ಪರೀಕ್ಷೆ ಮಾಡಿ ಎನಿಮಾ ಕೊಟ್ಟರು, ರಾತ್ರಿಗೆ ಭೇದಿ ಮಾತ್ರೆ ಖಾಯಂ ಮಾಡಿದರು. ಆಮೇಲೆ ದೊಡ್ಡಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಟಿಕ್ ಹಾಕತೊಡಗಿದರು. ಸತತ ಮೂರು ದಿನ ಟಿಕ್ ಇಲ್ಲದಿದ್ದರೆ ಡಾಕ್ಟರಿಗೆ ಫೋನ್. ಆ ವಿಷಯ ಮಾತಾಡೋಕೆ ಮನೆಯಲ್ಲಿ ಈಗ ಯಾರಿಗೂ ನಾಚಿಕೆಯಿಲ್ಲ, ಸೊಸೆಗೂ.