ಕಚ್ಚದ ನಾಯಿಯೂ ಮೂಳೆ ಮುರಿದೀತು

ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡಬೇಕೆಂಬುದು ಈಗ ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ಕಚ್ಚದೆ, ಪರಚದೆ, ಬರೀ ಉತ್ಸಾಹದಿಂದ ಮುನ್ನುಗ್ಗಿದ ಸಾಕುನಾಯಿಯೂ ಹಗ್ಗ ಹಿಡಿದವರ ಬೆರಳು, ಮಣಿಕಟ್ಟು, ಭುಜ, ಸೊಂಟಗಳಿಗೆ ಗಂಭೀರ ಪೆಟ್ಟು ಮಾಡಬಲ್ಲದು ಎಂಬ ಕಡೆಗೆ ಹೆಚ್ಚಿನವರ ಗಮನ ಹರಿಯುವುದಿಲ್ಲ.

ಕಬ್ಬಾಳು, ಸಾತನೂರಿನ ಕಡೆ ನಾಯಿ ಸಾಕುವುದು ಹೊಸತಲ್ಲ. ತೋಟಕ್ಕೆ, ಕುರಿಹಟ್ಟಿಗೆ ಕಾವಲು ಬೇಕು. ಕಾಡಂಚಿನ ಊರುಗಳಲ್ಲಿ ಚಿರತೆಯ ಭಯ ಬೇರೆ. ಹಿಂದಿನ ಊರ ನಾಯಿಗಳಿಗೆ ಹಗ್ಗ ಕಟ್ಟುವ ಪ್ರಮೇಯವೇ ಇರಲಿಲ್ಲ. ಈಗ ತೋಟದ ಮನೆಗಳೊಂದಿಗೆ ದೊಡ್ಡ ಜಾತಿನಾಯಿಗಳೂ ಬಂದಿವೆ. ಗಂಡು ಜರ್ಮನ್ ಶೆಫರ್ಡ್ 30ರಿಂದ 40 ಕೆ.ಜಿ. ತೂಗುತ್ತದೆ. ಗಂಡು ರಾಟ್‌ವೀಲರ್ 50 ಕೆ.ಜಿ. ದಾಟುವುದುಂಟು. ನಮ್ಮದೇ ಮುಧೋಳ ನಾಯಿ ನೋಡಲು ಸಣಕಲು, ತೂಕವೂ 20ರಿಂದ 28 ಕೆ.ಜಿ. ಅಷ್ಟೆ. ಆದರೆ ಬೇಟೆಗೆಂದೇ ಬೆಳೆಸಿದ ತಳಿಯಾದ್ದರಿಂದ ಮೊಲ ಕಂಡರೆ ಬಾಣದಂತೆ ಹಾರುತ್ತದೆ. ನಾಯಿಯನ್ನು ಆಸೆಪಟ್ಟು ತರುವವರು ಮನೆಯ ಯಜಮಾನರು. ದಿನಾ ಅದನ್ನು ಹೊರಗೆ ಕರೆದೊಯ್ಯುವವರು ಮಾತ್ರ ಅವರ ತಾಯಿ, ಹೆಂಡತಿ ಅಥವಾ ತೋಟ ನೋಡಿಕೊಳ್ಳುವವರ ಮಗ. ತೊಂದರೆ ಶುರುವಾಗುವುದು ಇಲ್ಲಿಯೇ.

ಇದು ಅಪರೂಪದ ಸಂಗತಿಯಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರಿಂದ 2020ರವರೆಗೆ ಆ ದೇಶದಲ್ಲಿ ನಾಯಿಯನ್ನು ಹಗ್ಗ ಹಿಡಿದು ನಡೆಸುವಾಗ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ ವಯಸ್ಕರು 4 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನಾಲ್ವರಿಗೆ ಮೂವರು ಮಹಿಳೆಯರು. ಹೆಚ್ಚಾಗಿ ಕಂಡದ್ದು ಬೆರಳಿನ ಮೂಳೆ ಮುರಿತ, ತಲೆಪೆಟ್ಟು ಮತ್ತು ಭುಜದ ಉಳುಕು.

ಎಳೆತದ ಲೆಕ್ಕ

ನಾಯಿಗೆ ನಾಲ್ಕು ಕಾಲು, ನೆಲ ಕಚ್ಚುವ ಉಗುರು. ಅದರ ದೇಹದ ಭಾರವೂ ನೆಲಕ್ಕೆ ಹತ್ತಿರ. ನಮಗಿರುವುದು ಎರಡೇ ಕಾಲು, ಭಾರವೆಲ್ಲ ಹೊಕ್ಕುಳ ಮಟ್ಟದಲ್ಲಿ. 40 ಕೆ.ಜಿ. ನಾಯಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಹಗ್ಗ ಬಿಗಿದು ಅದು ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ, ಕೈಮೇಲೆ ಸರಾಸರಿ 100 ಕೆ.ಜಿ. ಮೂಟೆ ನೇತುಹಾಕಿದಷ್ಟು ಎಳೆತ ಬೀಳುತ್ತದೆ. ಹಗ್ಗ ಸಡಿಲವಾಗಿ ಉದ್ದವಿದ್ದಷ್ಟೂ ನಾಯಿಗೆ ವೇಗ ಪಡೆಯಲು ಜಾಗ ಸಿಗುತ್ತದೆ, ಜಗ್ಗು ಹೆಚ್ಚುತ್ತದೆ. ಆದ್ದರಿಂದ ದೊಡ್ಡ ನಾಯಿಯನ್ನು ತೋಳ್ಬಲದಿಂದ ನಿಲ್ಲಿಸುತ್ತೇನೆಂಬುದು ಗಟ್ಟಿ ಆಳಿಗೂ ಸಲ್ಲದ ಮಾತು. ಹಿಡಿಯುವ ಕ್ರಮ ಗೊತ್ತಿರಬೇಕು.

ಹಿಡಿಯುವ ಕ್ರಮ

ಹಗ್ಗವನ್ನು ಬೆರಳಿಗಾಗಲಿ, ಮಣಿಕಟ್ಟಿಗಾಗಲಿ ಸುತ್ತಲೇಬಾರದು. ಹಸುವಿನ ಹಗ್ಗ ಕೈಗೆ ಸುತ್ತಿಕೊಂಡು ಬೆರಳು ಕಳೆದುಕೊಂಡವರನ್ನು ಹಳ್ಳಿಯವರು ಕಂಡಿರುತ್ತಾರೆ. ಹಗ್ಗದ ಹಿಡಿಯನ್ನು ಅಂಗೈಯಲ್ಲಿ ಹಿಡಿಯಿರಿ. ಮಿಕ್ಕ ಉದ್ದವನ್ನು ಸೀರೆಯ ನೆರಿಗೆಯಂತೆ ಮಡಿಸಿ ಅದೇ ಅಂಗೈಯಲ್ಲಿಡಿ. ಕೈ ಬಿಚ್ಚಿದ ಕ್ಷಣ ಹಗ್ಗ ಬಿಟ್ಟುಹೋಗುವಂತಿರಬೇಕು. ಇನ್ನೊಂದು ಕೈ ಹಗ್ಗದ ನಡುಭಾಗದಲ್ಲಿರಲಿ, ಮೊಬೈಲಿನಲ್ಲಲ್ಲ. ಕೊರಳಪಟ್ಟಿಯೊಳಗೆ ಬೆರಳು ತೂರಿಸಿ ಹಿಡಿಯುವುದೂ ಅಪಾಯಕರ. ನಾಯಿ ತಿರುಗಿದರೆ ಬೆರಳು ತಿರುಚಿಕೊಳ್ಳುತ್ತದೆ.

ಹಗ್ಗ 4ರಿಂದ 6 ಅಡಿ ಸಾಕು. ಅಗಲವಾದ ಹತ್ತಿಯ ಅಥವಾ ಚರ್ಮದ ಪಟ್ಟಿ ಉತ್ತಮ. ತೆಳು ನೈಲಾನ್ ಹಗ್ಗ ಅಂಗೈಯನ್ನು ಸುಟ್ಟಂತೆ ಸುಲಿಯುತ್ತದೆ, ಕಬ್ಬಿಣದ ಚೈನು ಬೆರಳನ್ನು ಜಜ್ಜುತ್ತದೆ. ನಾಯಿಗೆ ತೊಡಿಸುವ ಎದೆಪಟ್ಟಿಯಲ್ಲೂ ವ್ಯತ್ಯಾಸವಿದೆ. ಬೆನ್ನ ಮೇಲೆ ಕೊಂಡಿಯಿರುವುದು ಎತ್ತಿನ ನೊಗದಂತೆ, ಎಳೆಯಲು ನಾಯಿಗೇ ಅನುಕೂಲ. ಎದೆಯ ಮುಂಭಾಗದಲ್ಲಿ ಕೊಂಡಿಯಿದ್ದರೆ ಅದು ಮೂಗುದಾರದಂತೆ ಕೆಲಸ ಮಾಡುತ್ತದೆ, ನಾಯಿ ಎಳೆದಾಗ ಅದರ ಮೈ ನಿಮ್ಮತ್ತ ತಿರುಗುತ್ತದೆ. ಕುತ್ತಿಗೆ ಬಿಗಿಯುವ ಅಥವಾ ಮುಳ್ಳಿರುವ ಪಟ್ಟಿಗಳು ನಾಯಿಗೆ ನೋವುಂಟುಮಾಡಿ ಅದರ ಸಿಟ್ಟನ್ನೇ ಹೆಚ್ಚಿಸಬಹುದು.

ನಾಯಿ ನುಗ್ಗಿದರೆ ಮೊಣಕಾಲು ಸ್ವಲ್ಪ ಬಗ್ಗಿಸಿ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಲ್ಲಿ. ಮೊಣಕೈ ಪಕ್ಕೆಗೆ ಒತ್ತಿರಲಿ, ಕೈಗಳು ಹೊಟ್ಟೆಯ ಬಳಿ ಇರಲಿ. ಕೈ ಮುಂದಕ್ಕೆ ಚಾಚಿದ್ದರೆ ಜಗ್ಗೆಲ್ಲ ಭುಜದ ಕೀಲಿನ ಮೇಲೆ ಬೀಳುತ್ತದೆ. ನೇರವಾಗಿ ಹಿಂದಕ್ಕೆ ಎಳೆಯಬೇಡಿ. ಎಳೆದಷ್ಟೂ ನಾಯಿ ಮುಂದಕ್ಕೆ ಜಗ್ಗುವುದು ಅದರ ಸ್ವಭಾವ. ಅದರೊಂದಿಗೆ ಒಂದೆರಡು ಹೆಜ್ಜೆ ಹಾಕಿ, ಪಕ್ಕಕ್ಕೆ ತಿರುಗಿಸಿ. ಹತ್ತಿರದಲ್ಲಿ ಮರವೋ ಕಂಬವೋ ಇದ್ದರೆ ಹಗ್ಗವನ್ನು ಅದಕ್ಕೆ ಒಂದು ಸುತ್ತು ಹಾಕಿ ಹಿಡಿಯಬಹುದು. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು, ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ನಾಯಿಯನ್ನು ಓಡಿಸುವುದು ಎಂದೂ ಬೇಡ. ಬಿದ್ದು ಎಳೆದಾಡುವ ಸ್ಥಿತಿ ಬಂದರೆ ಹಗ್ಗ ಬಿಟ್ಟುಬಿಡಿ. ಜನರ ಮೇಲೆರಗುವ ಸ್ವಭಾವದ ನಾಯಿಗೆ, ಒಕ್ಕಣೆಯ ಎತ್ತಿಗೆ ಕಟ್ಟುವಂತೆ, ಬಾಯಿಕುಕ್ಕೆ ಹಾಕದೆ ಹೊರಗೆ ತರಬಾರದು. ಜಾತ್ರೆಗೆ, ಕಬ್ಬಾಳಮ್ಮನ ಗುಡಿಯ ಜನಸಂದಣಿಗೆ ಅಂಥ ನಾಯಿಯನ್ನು ಕರೆದೊಯ್ಯಲೇಬಾರದು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಮರಿಯಿದ್ದಾಗಲೇ ಕಲಿಸುವುದು. ಹಗ್ಗ ಬಿಗಿಯಾದರೆ ನಿಂತುಬಿಡಿ, ಸಡಿಲವಾದರೆ ನಡೆಯಿರಿ. ಎಳೆದರೆ ಮುಂದೆ ಹೋಗಲಾಗದು ಎಂಬುದನ್ನು ನಾಯಿ ತಾನೇ ಕಲಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು.

ಯಾರು ಹಿಡಿಯಬಾರದು?

ಮುಟ್ಟು ನಿಂತ ಮಹಿಳೆಯರಲ್ಲಿ, ವೃದ್ಧರಲ್ಲಿ ಮೂಳೆ ಟೊಳ್ಳಾಗುತ್ತಾ ಬರುತ್ತದೆ. ಇಂಥವರಿಗೆ ಒಂದು ಜಗ್ಗು, ಒಂದು ಬೀಳು ಸಾಕು, ಸೊಂಟದ ಬಳಿ ತೊಡೆಯ ಮೂಳೆ ಮುರಿಯಲು. ಆಮೇಲೆ ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ಗರ್ಭಿಣಿಯರು, ಮಕ್ಕಳು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ದೊಡ್ಡ ನಾಯಿಯ ಹಗ್ಗ ಹಿಡಿಯದಿರುವುದೇ ಲೇಸು.

ಪೆಟ್ಟು ಬಿದ್ದರೆ

ಕೈಗೆ ಪೆಟ್ಟಾದರೆ ಊತ ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸು ಇಡಿ. ಎಣ್ಣೆ ಹಚ್ಚಿ ನೀವುವುದು, ಎಕ್ಸ್‌ರೇ ತೆಗೆಸದೆ ನಾಟಿ ಕಟ್ಟು ಕಟ್ಟಿಸುವುದು ಬೇಡ. ಬಿಗಿ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಗೇ ಸಂಚಕಾರ ಬರಬಹುದು. ಬಿದ್ದ ವೃದ್ಧರಿಗೆ ಏಳಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಬ್ಬಿಸಿ ನಡೆಸಬೇಡಿ, ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಕಂಡರೆ ತಡಮಾಡಬೇಡಿ. ಎಳೆದಾಟದಲ್ಲಿ ಹಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಹುಚ್ಚುನಾಯಿ ರೋಗದ ಲಸಿಕೆಗಾಗಿ ವೈದ್ಯರನ್ನು ಕಾಣಿ. ಸಾಕುನಾಯಿ ತಾನೇ ಎಂದು ಸುಮ್ಮನಿರಬೇಡಿ. ಗಾಯಕ್ಕೆ ಸುಣ್ಣ, ಅರಿಶಿನ, ಕಾರದಪುಡಿ ಬೇಡ.

ಹೊಣೆ ಯಾರದು?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ನಾಯಿ ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದರೆ ಒಡೆಯನ ಹೊಣೆ ರದ್ದಾಗಿಲ್ಲ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮರಿ ತರುವ ಮೊದಲು ಮನೆಯಲ್ಲಿ ಕುಳಿತು ಒಂದು ಮಾತು ಆಡಿಕೊಳ್ಳಿ: ಇದು ಬೆಳೆದು 40 ಕೆ.ಜಿ. ಆದ ಮೇಲೆ ದಿನಾ ಹಗ್ಗ ಹಿಡಿಯುವವರು ಯಾರು? ಆ ಕೈ ಅರುವತ್ತು ದಾಟಿದ ಅವ್ವನದಾದರೆ ಚಿಕ್ಕ ನಾಯಿಯನ್ನೇ ಸಾಕಿ. ನಾಯಿಯ ತೂಕವನ್ನು ಕೊಳ್ಳುವವನ ಆಸೆಗಲ್ಲ, ಹಗ್ಗ ಹಿಡಿಯುವವರ ಕೈಗೆ ಹೊಂದಿಸಬೇಕು.