ಹಿಗ್ಗಿದರೂ ಕೆಡದ ಮೂಲೆ

ಚುನಾವಣೆ ಬರಲಿ, ಜಾತ್ರೆ ಬರಲಿ, ಊರಿನ ಸರ್ಕಲ್ಲಿನಲ್ಲಿ ಏಳುವ ಫ್ಲೆಕ್ಸುಗಳಲ್ಲಿ ಪ್ರತಿ ಫೋಟೊದ ಕೆಳಗೂ ಹೆಸರಿನ ಪಟ್ಟಿಯೊಂದು ಇರುತ್ತದೆ. ಬಣ್ಣ ತುಂಬಿದ ಆಯತ, ನಾಲ್ಕು ಮೂಲೆಯೂ ದುಂಡಗೆ. ಚಿಕ್ಕ ಹೆಸರಿನ ಪಟ್ಟಿ ಚೆಂದವಾಗಿಯೇ ಕಾಣುತ್ತದೆ. ಬಿರುದು, ಹುದ್ದೆ, ಊರು ಎಲ್ಲ ಸೇರಿದ ಪಕ್ಕದ ಉದ್ದ ಪಟ್ಟಿಯಲ್ಲಿ ಮಾತ್ರ ಮೂಲೆಗಳು ಅಡ್ಡಕ್ಕೆ ಜಗ್ಗಿದಂತೆ ಚಪ್ಪಟೆಯಾಗಿರುತ್ತವೆ. ಎರಡೂ ಒಂದೇ ಆಯತದ ಪ್ರತಿಗಳು. ಎರಡನೆಯದನ್ನು ಮೌಸಿನಲ್ಲಿ ಹಿಡಿದು ಪಕ್ಕಕ್ಕೆ ಎಳೆದಿದ್ದಾರೆ. ಇದನ್ನು ಸಣ್ಣ ವಿಷಯವೆಂದು ಬಿಡಲು ನನಗೆ ಮನಸ್ಸಿಲ್ಲ. ಏನು ತಪ್ಪಾಗಿದೆ ಎಂದು ಹೇಳಲು ಬಾರದವರ ಕಣ್ಣಿಗೂ ಅದು ಚುಚ್ಚುತ್ತದೆ.

ಲೆಕ್ಕ ಸರಳ. 100 ಮಿ.ಮೀ. ಅಗಲ, 40 ಮಿ.ಮೀ. ಎತ್ತರದ ಆಯತಕ್ಕೆ 8 ಮಿ.ಮೀ. ತ್ರಿಜ್ಯದ ಮೂಲೆ ಇದೆ ಎನ್ನಿ. ಪ್ರತಿ ಮೂಲೆಯೂ ವೃತ್ತದ ಕಾಲುಭಾಗ. ಎತ್ತರವನ್ನು ಹಾಗೇ ಬಿಟ್ಟು ಅಗಲವನ್ನು 200ಕ್ಕೆ ಎಳೆದಾಗ ಎಲ್ಲ ಬಿಂದುಗಳ ಅಡ್ಡ ಅಳತೆಯೂ ಇಮ್ಮಡಿಯಾಗುತ್ತದೆ. ಮೂಲೆ ಈಗ 16 ಅಗಲ, 8 ಎತ್ತರ. ವೃತ್ತವಿದ್ದದ್ದು ದೀರ್ಘವೃತ್ತವಾಯಿತು. ನಮಗೆ ಬೇಕಿದ್ದದ್ದು ಬೇರೆ: ಮೇಲಿನ ನೇರ ಅಂಚು 84ರಿಂದ 184ಕ್ಕೆ ಬೆಳೆಯಬೇಕು, ಮೂಲೆ 8ರಲ್ಲೇ ನಿಲ್ಲಬೇಕು. ಅಂದರೆ ಮೂಲೆಯ ತ್ರಿಜ್ಯವು ಉದ್ದಗಲಗಳಿಗೆ ಅಂಟಿಕೊಳ್ಳದ ಮೂರನೆಯ ಅಳತೆಯಾಗಿರಬೇಕು.

ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಈ ತಿಳಿವಳಿಕೆ ಹೊಸದಲ್ಲ. 1981ರಲ್ಲಿ ಆಪಲ್ ಕಂಪನಿಯ ಬಿಲ್ ಅಟ್ಕಿನ್ಸನ್ ವೃತ್ತ, ಅಂಡಾಕಾರಗಳನ್ನು ಅತಿ ವೇಗವಾಗಿ ಬಿಡಿಸುವ ಕೋಡ್ ಬರೆದು ಸಹೋದ್ಯೋಗಿಗಳಿಗೆ ತೋರಿಸಿದರು. ಸ್ಟೀವ್ ಜಾಬ್ಸ್‌ಗೆ ಅಷ್ಟು ಸಾಲಲಿಲ್ಲ. ದುಂಡು ಮೂಲೆಯ ಆಯತ ಎಲ್ಲಿ ಎಂದು ಕೇಳಿದರು. ಅದು ಕಷ್ಟ, ಅದರ ಅಗತ್ಯವೂ ಇಲ್ಲ ಎಂದರು ಅಟ್ಕಿನ್ಸನ್. ಜಾಬ್ಸ್ ಆಗ ಅಟ್ಕಿನ್ಸನ್‌ರನ್ನು ಬೀದಿಗೆ ಕರೆದೊಯ್ದು ದುಂಡು ಮೂಲೆಯ ವಸ್ತುಗಳನ್ನು ಒಂದೊಂದಾಗಿ ತೋರಿಸುತ್ತ ನಡೆದರು. 'ನೋ ಪಾರ್ಕಿಂಗ್' ಫಲಕ ಎದುರಾದಾಗ ಅಟ್ಕಿನ್ಸನ್ ಒಪ್ಪಿದರು. ಮರುದಿನವೇ ಕೋಡ್ ಸಿದ್ಧವಾಗಿತ್ತು. ಜೊತೆಗಾರ ಆಂಡಿ ಹರ್ಟ್ಸ್‌ಫೆಲ್ಡ್ ದಾಖಲಿಸಿರುವ ಈ ಪ್ರಸಂಗವನ್ನು ಜನ ಜಾಬ್ಸ್ ಹಟದ ಕಥೆಯಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕೋಡಿನ ರಚನೆ. ಆ ಕೋಡ್ ಸೇರಿದ್ದ, ಮ್ಯಾಕಿಂತೋಷ್‌ನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಕ್ವಿಕ್‌ಡ್ರಾದಲ್ಲಿ ದುಂಡು ಆಯತ ಬೇಕೆಂದರೆ ಆಯತವನ್ನು ಒಮ್ಮೆ, ಮೂಲೆಯ ಅಂಡಾಕಾರದ ಅಗಲ ಎತ್ತರಗಳನ್ನು ಬೇರೆಯಾಗಿ ಕೊಡಬೇಕಿತ್ತು. ಆಯತ ಎಷ್ಟು ಹಿಗ್ಗಿದರೂ ಮೂಲೆಯ ಅಂಕಿ ತಾನಾಗಿ ಬದಲಾಗುವ ಮಾತೇ ಇರಲಿಲ್ಲ.

2001ರಲ್ಲಿ ಮಾನಕವಾದ ಎಸ್‌ವಿಜಿ ಎಂಬ ಚಿತ್ರಕಡತದ ರೂಪವೂ ಇದೇ ದಾರಿ ಹಿಡಿಯಿತು. ಅದೇ ರೂಪದಲ್ಲಿ ಕಡತ ಉಳಿಸುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ, ಮೂಲೆಯೂ ಜೊತೆಗೆ ಹಿಗ್ಗಬೇಕೇ ಬೇಡವೇ ಎಂದು ಹೇಳುವ ಪುಟ್ಟ ಗುಂಡಿ ಮೇಲ್ಪಟ್ಟಿಯಲ್ಲೇ ಇದೆ. ನಮ್ಮ ಡಿಟಿಪಿ ಅಂಗಡಿಗಳ ನೆಚ್ಚಿನ ಕೋರೆಲ್‌ಡ್ರಾಗೆ, ಎಳೆದರೂ ಕೆಡದ ಮೂಲೆ 2010ರ ಎಕ್ಸ್5 ಆವೃತ್ತಿಯಲ್ಲಿ ಬಂತು. ಇಲ್ಲಸ್ಟ್ರೇಟರ್‌ಗೆ ಎಳೆದು ತಿದ್ದಬಹುದಾದ ಜೀವಂತ ಮೂಲೆಗಳು ಸಿಕ್ಕಿದ್ದು 2014ರಲ್ಲಿ.

ಇಷ್ಟೆಲ್ಲ ಇದ್ದೂ ಫ್ಲೆಕ್ಸಿನಲ್ಲಿ ಮೂಲೆ ಏಕೆ ಜಗ್ಗುತ್ತದೆ? ಒಂದು ಕಾರಣ ಕನ್ನಡದ ಅಕ್ಷರಗಳದ್ದೇ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಪ್ರೆಸ್ಸಿನವರ ಬಳಿ ಆ ಫಾಂಟ್ ಇಲ್ಲದಿದ್ದರೆ ಮದುವೆ ಕಾಗದದ ಸಾಲುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತವೆ. ಅದಕ್ಕೆಂದೇ ಕಳಿಸುವ ಮುನ್ನ ಕೋರೆಲ್‌ಡ್ರಾದಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ 'ಕರ್ವ್', ಅಂದರೆ ಬರಿಯ ಗೆರೆಗಳ ಆಕೃತಿ, ಮಾಡುವ ರೂಢಿ ಬೆಳೆಯಿತು. ಅಕ್ಷರಗಳು ಉಳಿಯುತ್ತವೆ. ಆದರೆ ಅವುಗಳ ಹಿಂದಿನ ಆಯತಗಳೂ ಕರ್ವ್ ಆಗುತ್ತವೆ. ಅಲ್ಲಿಗೆ ಆಯತ ತನ್ನ ತ್ರಿಜ್ಯವನ್ನು ಮರೆಯುತ್ತದೆ. ಉಳಿಯುವುದು ಬಿಂದುಗಳು, ಅವುಗಳ ನಡುವಿನ ಬಾಗು. ಮುಂದಿನ ವರ್ಷ ಅದೇ ಕಡತ ತೆರೆದು ಹೊಸ ಹೆಸರು ಹಾಕಿ ಎಳೆದರೆ ಯಾವ ಹೊಸ ಆವೃತ್ತಿಯೂ ಮೂಲೆಯನ್ನು ಕಾಯಲಾರದು. ಅಕ್ಷರಗಳನ್ನಷ್ಟೇ ಆಯ್ದು ಕರ್ವ್ ಮಾಡಿದರೆ, ಅಥವಾ ಕರ್ವ್ ಮಾಡುವ ಮುಂಚಿನ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಕರ್ವ್ ಆಗಿಯೇ ಕೈಗೆ ಬಂದ ಆಯತಕ್ಕೂ ದಾರಿ ಇದೆ, ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದೂ ಅದೇ. ದುಂಡು ಆಯತದಲ್ಲಿ ಎಂಟು ಬಿಂದುಗಳು (ನೋಡ್‌ಗಳು) ಇರುತ್ತವೆ, ಮೂಲೆಗೆ ಎರಡರಂತೆ. ಇಡೀ ಆಕೃತಿಯನ್ನು ಎಳೆಯದೆ ನೋಡ್ ತಿದ್ದುವ ಉಪಕರಣ ಹಿಡಿದು ಬಲಭಾಗದ ನಾಲ್ಕು ನೋಡ್‌ಗಳನ್ನಷ್ಟೇ ಆಯ್ದು ಪಕ್ಕಕ್ಕೆ ಸರಿಸಿ. ಬಲಗಡೆಯ ಎರಡು ಮೂಲೆಗಳೂ ಇದ್ದ ಹಾಗೆಯೇ ಸಾಗುತ್ತವೆ, ನಡುವಿನ ನೇರ ಗೆರೆಗಳು ಮಾತ್ರ ಉದ್ದವಾಗುತ್ತವೆ. ಎತ್ತರ ಹೆಚ್ಚಬೇಕಿದ್ದರೆ ಕೆಳಗಿನ ನಾಲ್ಕು. ಯಾವ ತಂತ್ರಾಂಶದಲ್ಲಾದರೂ, ಎಷ್ಟೇ ಹಳೆಯ ಆವೃತ್ತಿಯಲ್ಲಾದರೂ ಇದು ನಡೆಯುತ್ತದೆ.

ಆಯತದೊಳಗೆ ಇನ್ನೊಂದು ಆಯತ ಕೂರಿಸಿ ಚೌಕಟ್ಟು ಮಾಡುವಾಗ ಇನ್ನೂ ಎಚ್ಚರ ಬೇಕು. ಹೊರಗಿನ ತ್ರಿಜ್ಯ 8, ಸುತ್ತ 3 ಮಿ.ಮೀ. ಅಂತರ ಬೇಕಿದ್ದರೆ ಒಳಗಿನ ತ್ರಿಜ್ಯ 5 ಇರಬೇಕು. ಅಲ್ಲಿಯೂ 8 ಇಟ್ಟರೆ ಅಂಚಿನಲ್ಲಿ 3 ಇರುವ ಅಂತರ ಮೂಲೆಯಲ್ಲಿ 4.2ರಷ್ಟು ಉಬ್ಬುತ್ತದೆ. ಪ್ರತಿ ತೆಗೆದು ಕುಗ್ಗಿಸುವುದಂತೂ ಬೇಡ: 100×40ನ್ನು 94×34ಕ್ಕೆ ಒತ್ತಿದರೆ ಮೂಲೆ ಅಡ್ಡಕ್ಕೆ 7.5, ಎತ್ತರಕ್ಕೆ 6.8 ಆಗಿ ಮತ್ತೆ ವೃತ್ತ ಕೆಡುತ್ತದೆ. ಕೋರೆಲ್‌ಡ್ರಾದಲ್ಲಿ ಕಾಂಟೂರ್, ಇಲ್ಲಸ್ಟ್ರೇಟರ್‌ನಲ್ಲಿ ಆಫ್‌ಸೆಟ್ ಪಾತ್ ಇರುವುದೇ ಇದಕ್ಕೆ. ಒಳಮುಖವಾಗಿ ಅಂತರ 3 ಎಂದು ಕೊಟ್ಟರೆ ಒಳಗಿನ 5 ತಾನಾಗಿಯೇ ಬರುತ್ತದೆ.