ಹಾಡು ಅವರದು, ಹೆಸರು ಇವರದು

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕನ್ನಡ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಿಮ್ಮ ನಿಮ್ಮ ಊರಿನ ಹತ್ತು ಜನಪದ ಹಾಡು ಬರೆದುಕೊಂಡು ಬನ್ನಿ ಎಂದಿದ್ದರು. ನನಗೇನೂ ಚಿಂತೆ ಇರಲಿಲ್ಲ. ಶಿರಾ ಹತ್ತಿರದ ನಮ್ಮೂರಲ್ಲಿ ಅಜ್ಜಿ ಇದ್ದಳಲ್ಲ! ದಸರಾ ರಜೆಯಲ್ಲಿ ಎರಡು ಸಂಜೆ ಜಗಲಿಯ ಮೇಲೆ ಅವಳ ಪಕ್ಕ ಕೂತು, ಬೀಸುವ ಪದ, ಸೋಬಾನೆ ಪದಗಳನ್ನೆಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಬರೆದುಕೊಂಡೆ. ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ ರಿಜಿಸ್ಟರ್ ನಂಬರ್ ಹಾಕಿದೆ. ಕ್ಲಾಸಿಗೇ ಮೊದಲ ಬಹುಮಾನವೂ ಬಂತು.

ಊರಿಗೆ ಹೋದಾಗ ಅಜ್ಜಿಗೆ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಪುಟಗಳನ್ನು ಅಂಗೈಯಲ್ಲಿ ಸವರಿ ನೋಡಿ ಒಂದೇ ಮಾತು ಕೇಳಿದಳು: “ಇದ್ರಾಗೆ ನಮ್ಮತ್ತೆ ಹೆಸ್ರು ಐತೇನ್ ಮಗಾ? ನಂಗೆ ಕಲ್ಸಿದ್ದು ಅವ್ರೇ ಅಲ್ವಾ?”

ನಾನು ನಕ್ಕುಬಿಟ್ಟೆ. ಅಜ್ಜಿಯ ಅತ್ತೆಯ ಹೆಸರಿರಲಿ, ಅಜ್ಜಿಯ ಹೆಸರೇ ಅದರಲ್ಲಿ ಇರಲಿಲ್ಲ.

ಆ ಪ್ರಶ್ನೆ ಮತ್ತೆ ನೆನಪಾಗಿದ್ದು ನಾಲ್ಕು ವರ್ಷದ ಮೇಲೆ, ಬೆಂಗಳೂರಿನ ವಿಜಯನಗರದ ಪಿ.ಜಿ. ರೂಮಿನಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆ ರಾತ್ರಿ ಹನ್ನೊಂದರ ಮೇಲೆ ಹೆಡ್‌ಫೋನೇ ಸಂಗಾತಿ. ಓದಿಗೆ ಅಡ್ಡಿಯಾಗದ ಗಿಟಾರ್ ಸಂಗೀತ ಹುಡುಕುತ್ತಿದ್ದಾಗ ಯೂಟ್ಯೂಬ್ ತಾನಾಗಿಯೇ ಒಂದು ಹಳೆಯ ಹಾಡು ತಂದುಕೊಟ್ಟಿತು. ಸವೆದ ಗ್ರಾಮಫೋನ್ ಪ್ಲೇಟಿನ ಕರಕರ ಸದ್ದು. ಅದರೊಳಗಿಂದ ಒಂದು ಗಿಟಾರ್, ಒಂದು ಹೆಣ್ಣುದನಿ. ಹಾಡಿನ ಹೆಸರು ‘ವೈಲ್ಡ್‌ವುಡ್ ಫ್ಲವರ್’. ಹಾಡಿದವರು ಅಮೆರಿಕದ ಕಾರ್ಟರ್ ಫ್ಯಾಮಿಲಿ. ವರ್ಷ 1928.

ಇಂಗ್ಲಿಷ್ ಪೂರ್ತಿ ಅರ್ಥವಾಗಲಿಲ್ಲ. ಆದರೆ ಆ ದನಿ ನನಗೆ ಗೊತ್ತಿತ್ತು. ರಾಗಿಕಲ್ಲಿನ ಮುಂದೆ ಕೂತವರ ಹಾಗೆ, ಅಳದೇ ದುಃಖ ಹೇಳುವ ದನಿ ಅದು. ಈ ಹಾಡು ಯಾರದು ಎಂದು ಹುಡುಕಲು ಹೊರಟೆ. ಎರಡು ವಾರದ ಕರೆಂಟ್ ಅಫೇರ್ಸ್ ಬಾಕಿ ಉಳಿಯಿತು.

ಟೋಪಿ ಕಂಪನಿಯ ಮಹಡಿಯಲ್ಲಿ

ಅಮೆರಿಕದ ಪೂರ್ವಕ್ಕೆ ಅಪಲೇಚಿಯನ್ ಬೆಟ್ಟಸಾಲು ಇದೆ. ಅಲ್ಲಿನ ಬ್ರಿಸ್ಟಲ್ ಪಟ್ಟಣದ ಮುಖ್ಯ ಬೀದಿಯ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ಈ ಬದಿ ವರ್ಜೀನಿಯಾ, ಆ ಬದಿ ಟೆನೆಸ್ಸೀ. 1927ರ ಜುಲೈ ಕೊನೆಯಲ್ಲಿ ರಾಲ್ಫ್ ಪಿಯರ್ ಎಂಬವರು ವಿಕ್ಟರ್ ಟಾಕಿಂಗ್ ಮಷೀನ್ ಕಂಪನಿಯ ಪರವಾಗಿ ಅಲ್ಲಿಗೆ ಬಂದರು. ಟೋಪಿ ಕಂಪನಿಯೊಂದರ ಕಟ್ಟಡದ ಮಹಡಿಯಲ್ಲಿ, ಗೋಡೆಗಳಿಗೆ ಕಂಬಳಿ ಹೊದಿಸಿ, ಮೇಣದ ತಟ್ಟೆಯ ಮೇಲೆ ದನಿ ಕೊರೆಯುವ ಯಂತ್ರ ಇಟ್ಟರು. ಹನ್ನೆರಡು ದಿನಗಳಲ್ಲಿ 19 ತಂಡಗಳಿಂದ 76 ರೆಕಾರ್ಡಿಂಗ್ ಆದವು. ಕಂಟ್ರಿ ಸಂಗೀತದ ಇತಿಹಾಸ ಹೇಳುವವರೆಲ್ಲ ಇಂದಿಗೂ ಈ ಹನ್ನೆರಡು ದಿನಗಳ ಬಳಿ ಬಂದು ನಿಲ್ಲುತ್ತಾರೆ.

ಆಗ ಬಂದ ಇಬ್ಬರು ಮುಂದೆ ದೊಡ್ಡ ಹೆಸರಾದರು. ಒಬ್ಬರು ಜಿಮ್ಮಿ ರಾಜರ್ಸ್. ರೈಲ್ವೆ ಕೆಲಸ ಮಾಡಿಕೊಂಡಿದ್ದು, ಕ್ಷಯ ಹಿಡಿದು ಅದನ್ನು ಬಿಟ್ಟವರು. ಆರೇ ವರ್ಷದಲ್ಲಿ, ಮೂವತ್ತೈದನೇ ವಯಸ್ಸಿಗೆ, ಅದೇ ಕ್ಷಯ ಅವರನ್ನು ತಿಂದಿತು. ಇನ್ನೊಂದು ಕಾರ್ಟರ್ ಕುಟುಂಬ. ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ ಆಗ ಹದಿನೆಂಟು ವರ್ಷ, ತುಂಬು ಬಸುರಿ. ಸಾರಾಳ ಕಂಕುಳಲ್ಲಿ ಎಳೆಗೂಸು. ಬ್ರಿಸ್ಟಲ್‌ಗೆ ಹೋಗಲು ತಮ್ಮನ ಕಾರು ಬೇಕಿತ್ತು. ತಮ್ಮ ಸುಲಭಕ್ಕೆ ಒಪ್ಪಲಿಲ್ಲವಂತೆ. ನಿನ್ನ ಮೆಕ್ಕೆಜೋಳದ ಹೊಲದ ಕಳೆ ಕಿತ್ತು ಕೊಡುತ್ತೇನೆ ಎಂದು ಮಾತು ಕೊಟ್ಟ ಮೇಲೆ ಕಾರು ಸಿಕ್ಕಿತೆಂದು ಆ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಹೀಗೆ ಹೊರಟವರಿಗೆ ಸಿಕ್ಕಿದ್ದು ಹಾಡೊಂದಕ್ಕೆ 50 ಡಾಲರ್. ಬೆಟ್ಟದ ಬಡ ರೈತರಿಗೆ ಅದು ಕನಸಿನ ದುಡ್ಡು.

ಹಾಡಿನ ಬೇರು ಎಲ್ಲಿ?

ನನ್ನ ನಿದ್ದೆ ಕೆಡಿಸಿದ ‘ವೈಲ್ಡ್‌ವುಡ್ ಫ್ಲವರ್’ ಕಾರ್ಟರ್‌ಗಳ ಹಾಡೇ ಅಲ್ಲ. ಅದರ ಮೂಲ 1860ರಲ್ಲಿ ಅಚ್ಚಾದ ಒಂದು ಪಟ್ಟಣದ ಹಾಡು. ರಾಗ ಹಾಕಿದವರು ಜೋಸೆಫ್ ಫಿಲ್‌ಬ್ರಿಕ್ ವೆಬ್‌ಸ್ಟರ್. ದೀವಾನಖಾನೆಯಲ್ಲಿ ಪಿಯಾನೊ ಮುಂದೆ ಹಾಡುವಂಥದ್ದು. ಅದು ಹೇಗೋ ಬೆಟ್ಟ ಹತ್ತಿತು. ಪುಸ್ತಕ ಕಳೆದುಹೋಯಿತು, ಬಾಯಿ ಉಳಿಯಿತು. ತಾಯಿಯಿಂದ ಮಗಳಿಗೆ ದಾಟುತ್ತ ದಾಟುತ್ತ ಮಾತು ಸವೆಯಿತು. ಹಾಡಿನಲ್ಲಿ ಬರುವ ಹೂವಿನ ಹೆಸರು ಎಷ್ಟು ಬದಲಾಯಿತೆಂದರೆ, ಅದು ಯಾವ ಹೂವು ಎಂದು ಹಾಡುವವರಿಗೇ ತಿಳಿಯದಂತಾಯಿತು. ಆದರೂ ಹಾಡು ನಿಲ್ಲಲಿಲ್ಲ.

ಇನ್ನೂ ಹಳೆಯವು ಇವೆ. ‘ಬಾರ್ಬರಾ ಆಲೆನ್’ ಎಂಬ ಕಥನಗೀತೆಯನ್ನು ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1666ರ ಜನವರಿಯಲ್ಲೇ ತಮ್ಮ ದಿನಚರಿಯಲ್ಲಿ ಹೆಸರಿಸಿದ್ದಾರೆ. ಬ್ರಿಟನ್ನಿನಿಂದ ವಲಸೆ ಬಂದವರು ಪೆಟ್ಟಿಗೆಯಲ್ಲಿ ಪಿಟೀಲು, ನೆನಪಿನಲ್ಲಿ ಇಂಥ ಹಾಡು ಹೊತ್ತು ತಂದರು. ಬ್ಯಾಂಜೊ ಬಂದ ದಾರಿ ಬೇರೆ. ಆಫ್ರಿಕಾದಿಂದ ಸಂಕೋಲೆ ಹಾಕಿ ತಂದ ಗುಲಾಮರು ಸೋರೆಬುರುಡೆಗೆ ಚರ್ಮ ಬಿಗಿದು ತಂತಿವಾದ್ಯ ಮಾಡಿಕೊಳ್ಳುತ್ತಿದ್ದರು. ಇಂದು ‘ಬಿಳಿಯರ ಬೆಟ್ಟದ ವಾದ್ಯ’ ಎಂದು ನಾವು ಅಂದುಕೊಳ್ಳುವ ಬ್ಯಾಂಜೊದ ಅಜ್ಜ ಅದು. ಇವುಗಳ ಜೊತೆಗೆ ಚರ್ಚಿನ ಭಜನೆ, ಗಣಿ ಮತ್ತು ರೈಲು ಹಳಿಯ ಕೂಲಿಗಳ ದುಡಿಮೆಯ ಪದ, ಊರಲ್ಲಿ ನಡೆದ ಕೊಲೆಯ ಕಥೆ ಕೂಡ ಸೇರಿಕೊಂಡವು. ನಾರ್ತ್ ಕ್ಯಾರೊಲಿನಾದಲ್ಲಿ ಲಾರಾ ಫಾಸ್ಟರ್ ಎಂಬ ಹುಡುಗಿಯ ಕೊಲೆಗಾಗಿ 1868ರಲ್ಲಿ ಗಲ್ಲಿಗೇರಿದ ಟಾಮ್ ಡೂಲಾನ ಕಥೆ ಹಾಡಾಗಿ ಊರೂರು ಸುತ್ತಿತು. 1958ರಲ್ಲಿ ‘ಟಾಮ್ ಡೂಲಿ’ ಎಂಬ ಹೆಸರಲ್ಲಿ ಅದು ಅಮೆರಿಕದಲ್ಲೇ ನಂಬರ್ ಒನ್ ಹಾಡಾಯಿತು.

ಒಬ್ಬರೇ ಕೂತು ಬರೆದ ಹಾಡುಗಳಲ್ಲ ಇವು. ಹಾಗಿದ್ದರೆ ಇವುಗಳ ಮೇಲೆ ಒಬ್ಬರ ಹೆಸರು ಬಂದದ್ದು ಹೇಗೆ?

ಒಂದು ಸಹಿಯ ಬೆಲೆ

ಉತ್ತರ ಪಿಯರ್ ಅವರ ವ್ಯಾಪಾರದಲ್ಲಿದೆ. ಅವರು ವಿಕ್ಟರ್ ಕಂಪನಿಯ ಜೊತೆ ಜಾಣ ಒಪ್ಪಂದ ಮಾಡಿಕೊಂಡಿದ್ದರು. ನನಗೆ ಸಂಬಳ ಬೇಡ, ನಾನು ರೆಕಾರ್ಡ್ ಮಾಡಿಸಿದ ಹಾಡುಗಳ ಹಕ್ಕು ನನ್ನ ಪ್ರಕಾಶನಕ್ಕೆ ಇರಲಿ ಎಂಬುದು ಅದರ ಸಾರ. ಎಲ್ಲರ ಬಾಯಲ್ಲೂ ಇರುವ, ಈಗಾಗಲೇ ಅಚ್ಚಾದ ಹಾಡಿನಿಂದ ಹಕ್ಕಿನ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಅವರಿಗೆ ಬೇಕಾದದ್ದು ‘ಹೊಸ’ ಹಾಡು, ಇಲ್ಲವೇ ಹೊಸದೆಂದು ನೋಂದಾಯಿಸಲು ಆಗುವಷ್ಟು ಬದಲಾಯಿಸಿದ ಹಳೇ ಹಾಡು.

ಪ್ಲೇಟುಗಳು ಮಾರಾಟವಾಗತೊಡಗಿದವು. ಕಾರ್ಟರ್‌ಗಳ ಮನೆಯಲ್ಲಿದ್ದ ಹಾಡು ಸಾಲದೆ ಹೋಯಿತು. ಎ.ಪಿ. ಬೆಟ್ಟದ ಹಾದಿ ಹಿಡಿದರು. ಮನೆ ಮನೆಗೆ ಹೋಗಿ, ನಿಮಗೆ ಹಳೇ ಹಾಡು ಬರುತ್ತಾ ಎಂದು ಕೇಳಿ ಬರೆದುಕೊಂಡರು. ಮನೆಗೆ ಬಂದು ತಿದ್ದಿ ಹೊಂದಿಸಿದರು. ರೆಕಾರ್ಡ್ ಆಯಿತು. ಹೆಸರು: ಎ.ಪಿ. ಕಾರ್ಟರ್.

ಅವರಿಗೆ ಒಂದು ತೊಂದರೆ ಇತ್ತು. ಮಾತು ಬರೆದುಕೊಳ್ಳಬಹುದು, ರಾಗ ಬರೆದುಕೊಳ್ಳುವುದು ಹೇಗೆ? ಮೊಬೈಲ್ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ. ಅಲ್ಲಿಗೆ ಬಂದವರು ಲೆಸ್ಲಿ ರಿಡಲ್. ಕಪ್ಪುವರ್ಣೀಯ ಯುವಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಆದರೂ ಗಿಟಾರ್‌ನಲ್ಲಿ ಅವರ ಸರಿಸಮ ಇರಲಿಲ್ಲ. ಒಮ್ಮೆ ಕೇಳಿದ ರಾಗ ಅವರ ತಲೆಯಲ್ಲಿ ಕೂತುಬಿಡುತ್ತಿತ್ತು. ಎ.ಪಿ. ಮಾತು ಬರೆದುಕೊಳ್ಳುತ್ತಿದ್ದರು, ರಿಡಲ್ ರಾಗ ಹೊತ್ತು ತರುತ್ತಿದ್ದರು. ಬಿಳಿಯರೂ ಕಪ್ಪುವರ್ಣೀಯರೂ ಒಂದೇ ಹೋಟೆಲಿನಲ್ಲಿ ಊಟ ಮಾಡುವಂತಿಲ್ಲದ ಕಾಲದಲ್ಲಿ ಈ ಇಬ್ಬರು ಜೊತೆಯಾಗಿ ಊರೂರು ಸುತ್ತಿದರು. ಮೇಬೆಲ್‌ಗೆ ಬೆರಳಲ್ಲಿ ತಂತಿ ಮೀಟುವ ಒಂದು ಶೈಲಿಯನ್ನೂ, ‘ಕ್ಯಾನನ್‌ಬಾಲ್’ ಹಾಡನ್ನೂ ತೋರಿಸಿಕೊಟ್ಟವರು ರಿಡಲ್.

ಆ ಪ್ಲೇಟುಗಳ ಮೇಲೆ ಅವರ ಹೆಸರಿಲ್ಲ.

ಎ.ಪಿ. ಕಾರ್ಟರ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ನಡೆಯದೇ ಇದ್ದಿದ್ದರೆ ಎಷ್ಟೋ ಹಾಡುಗಳು ಮುದುಕಿಯರ ಜೊತೆ ಮಣ್ಣಾಗುತ್ತಿದ್ದವು. ರಿಡಲ್ ಆ ಮನೆಯಲ್ಲಿ ವಾರಗಟ್ಟಲೆ ಉಳಿದು, ಜೊತೆಗೇ ಉಂಡವರು. ಪ್ರೀತಿಗೆ ಕೊರತೆ ಇರಲಿಲ್ಲ. ಹೆಸರು ಬರೆಯುವ ಜಾಗ ಮಾತ್ರ ಒಂದೇ ಇತ್ತು, ಅಲ್ಲಿ ಪೆನ್ನು ಹಿಡಿದವರ ಹೆಸರು ಬಿತ್ತು. ಇದನ್ನು ಓದುವಾಗ ನನ್ನ ಸ್ಪೈರಲ್ ಬೈಂಡಿಂಗ್ ಕಣ್ಣ ಮುಂದೆ ಬಂತು.

1942ರಲ್ಲಿ ರಿಡಲ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಹೋದರು. ಮುಂದೆ ಗಿಟಾರನ್ನೇ ಮಾರಿಬಿಟ್ಟರು. 1965ರಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರರು ಅವರನ್ನು ಹುಡುಕಿಕೊಂಡು ಹೋಗಿ ಮತ್ತೆ ಹಾಡಿಸಿದರು. ಆ ಸುಳಿವು ಕೊಟ್ಟಿದ್ದು ಮೇಬೆಲ್. ರಿಡಲ್ ಅವರ ಹೆಸರಿನ ಆಲ್ಬಮ್ ಹೊರಬಂದದ್ದು 1993ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ.

ಕಲಿಸಿದವರ ಪಟ್ಟಿ

ರಿಡಲ್ ಒಬ್ಬರೇ ಅಲ್ಲ. ಕಂಟ್ರಿ ಸಂಗೀತದ ದೊಡ್ಡ ಹೆಸರು ಹ್ಯಾಂಕ್ ವಿಲಿಯಮ್ಸ್ ಹುಡುಗನಾಗಿದ್ದಾಗ ಅಲಬಾಮಾದ ಬೀದಿ ಹಾಡುಗಾರ ರೂಫಸ್ ಪೇನ್ ಅವರ ಹಿಂದೆ ತಿರುಗಿ ಕಲಿತವರು. ಪೇನ್ ಅವರನ್ನು 1939ರಲ್ಲಿ ಹೂತ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ. ಆದರೆ ಹ್ಯಾಂಕ್ ತಮ್ಮ ಪಾಠವೆಲ್ಲ ಅವರಿಂದಲೇ ಎಂದು ಸಂದರ್ಶನದಲ್ಲಿ ಹೇಳಿಕೊಂಡರು. ಬ್ಲೂಗ್ರಾಸ್ ಸಂಗೀತದ ತಂದೆ ಎನಿಸಿಕೊಂಡ ಬಿಲ್ ಮನ್ರೊ, ಕೆಂಟಕಿಯ ಆರ್ನಾಲ್ಡ್ ಶುಲ್ಟ್ಸ್ ಅವರನ್ನು ಕೊನೆಯವರೆಗೂ ನೆನೆದರು. ಶುಲ್ಟ್ಸ್ 1931ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ರೆಕಾರ್ಡಿಂಗ್ ಕೂಡ ಇಲ್ಲ. ಕಲಿಸಿದ ಇಬ್ಬರೂ ಕಪ್ಪುವರ್ಣೀಯರು. ಕಂಪನಿಗಳು ಬಿಳಿಯರ ಹಾಡನ್ನು ಒಂದು ಪಟ್ಟಿಯಲ್ಲಿ, ಕಪ್ಪುವರ್ಣೀಯರ ಹಾಡನ್ನು ಇನ್ನೊಂದರಲ್ಲಿ ಮಾರುತ್ತಿದ್ದವು. ಜಗಲಿಯ ಮೇಲೆ ಒಂದಾಗಿದ್ದ ಹಾಡು ಅಂಗಡಿಯಲ್ಲಿ ಎರಡಾಯಿತು.

ಹೆಸರು ವಾಪಸ್ ಬಂದ ಕಥೆಯೂ ಇದೆ. ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಕಾಟನ್ ಹುಡುಗಿಯಾಗಿದ್ದಾಗಲೇ ‘ಫ್ರೈಟ್ ಟ್ರೇನ್’ ಕಟ್ಟಿದ್ದರು. ಮುಂದೆ ಅದೇ ಸೀಗರ್ ಕುಟುಂಬದಲ್ಲಿ ಮನೆಗೆಲಸ ಮಾಡಿಕೊಂಡಿದ್ದರು. ಹಾಡು ಆ ಮನೆಯಿಂದ ಇಂಗ್ಲೆಂಡ್ ಸೇರಿತು, ಬೇರೆಯವರ ಹೆಸರಲ್ಲಿ ನೋಂದಣಿಯಾಗಿ 1957ರಲ್ಲಿ ಜನಪ್ರಿಯವೂ ಆಯಿತು. ಸೀಗರ್ ಮನೆಯವರು ಸುಮ್ಮನಿರಲಿಲ್ಲ, ಕೊನೆಗೆ ಹಾಡಿಗೆ ಕಾಟನ್ ಹೆಸರು ಬಂತು. ತೊಂಬತ್ತು ದಾಟಿದ ಮೇಲೆ ಅವರಿಗೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು.

ನನಗೆ ಹೆಚ್ಚು ನಾಚಿಕೆ ತಂದದ್ದು ಸೆಸಿಲ್ ಶಾರ್ಪ್ ಅವರ ಪುಸ್ತಕ. ಈ ಇಂಗ್ಲಿಷ್ ಸಂಗ್ರಾಹಕರು ಮಾಡ್ ಕಾರ್ಪೆಲಿಸ್ ಅವರ ಜೊತೆ 1916ರಿಂದ 1918ರವರೆಗೆ ಇದೇ ಬೆಟ್ಟಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ರಾಗ ಬರೆದುಕೊಂಡರು. ಶಾರ್ಪ್ ಹುಡುಕಿದ್ದು ಇಂಗ್ಲೆಂಡಿನ ಹಾಡನ್ನಷ್ಟೇ, ಕಪ್ಪುವರ್ಣೀಯರ ಹಾಡಿನ ಕಡೆ ಅಷ್ಟಾಗಿ ತಿರುಗಲಿಲ್ಲ ಎಂಬ ಟೀಕೆ ಇದೆ, ಅದು ಸರಿಯೇ. ಆದರೆ ಪುಸ್ತಕದಲ್ಲಿ ಪ್ರತಿ ಹಾಡಿನ ಜೊತೆ ಹಾಡಿದವರ ಹೆಸರು, ಊರು, ತಾರೀಕು ಇವೆ. ಹಾಟ್ ಸ್ಪ್ರಿಂಗ್ಸ್ ಊರಿನ ಜೇನ್ ಜೆಂಟ್ರಿ ಎಂಬ ಗೃಹಿಣಿಯ ಹೆಸರು ನೂರು ವರ್ಷದ ಮೇಲೆ ನನ್ನ ಪಿ.ಜಿ. ರೂಮಿನವರೆಗೆ ಬಂದದ್ದು ಆ ಒಂದು ಸಾಲಿನಿಂದ. ಒಂದು ಸಾಲು ಬರೆಯಲು ನನಗೆ ಹತ್ತು ಸೆಕೆಂಡ್ ಸಾಕಾಗಿತ್ತು.

ಯುಗಾದಿಗೆ ಊರಿಗೆ ಹೋದಾಗ ಆ ಹಳೆಯ ಪುಸ್ತಕ ತೆಗೆದುಕೊಂಡು ಹೋದೆ. ಮುಖಪುಟದಲ್ಲಿ ನನ್ನ ಹೆಸರಿನ ಮೇಲೆ ಬಾಲ್‌ಪೆನ್ನಿನಲ್ಲಿ ಅಜ್ಜಿಯ ಹೆಸರು ಬರೆದೆ. ಆಮೇಲೆ ಒಂದೊಂದೇ ಹಾಡಿನ ಮೊದಲ ಸಾಲು ಓದುತ್ತಾ, ಇದು ಯಾರು ಕಲಿಸಿದ್ದು ಅಜ್ಜಿ ಎಂದು ಕೇಳಿದೆ. ಅವಳಿಗೀಗ ಕಿವಿ ಮಂದ. ಹಾಡು ಮಾತ್ರ ನೆಟ್ಟಗಿದೆ. ಏಳು ಹಾಡು ಅವಳ ಅತ್ತೆಯವು, ಎರಡು ಅಕ್ಕನವು. ಹತ್ತನೆಯದಕ್ಕೆ ಬಂದಾಗ ಸುಮ್ಮನಾದಳು.

“ಕಡ್ಲೆಕಾಯಿ ಹೊಲ್ದಾಗೆ ಕಳೆ ಕೀಳಾಕೆ ಬರ್ತಿದ್ಲು ಒಬ್ಳು. ಅವ್ಳ್ ಹಾಡು ಇದು,” ಎಂದಳು. ಹೆಸರು ಕೇಳಿದೆ. ತುಂಬ ಹೊತ್ತು ಯೋಚಿಸಿದಳು.

“ನಾನೂ ಕೇಳ್ಲಿಲ್ಲ ನೋಡು ಮಗಾ. ಹಾಡ್ ಮಾತ್ರ ಇಟ್ಕಂಡೆ.”

ಆ ಹಾಡಿನ ಕೆಳಗೆ ಹೀಗೆ ಬರೆದಿದ್ದೇನೆ: ಕಳೆ ಕೀಳಲು ಬರುತ್ತಿದ್ದ ಹೆಂಗಸಿನಿಂದ ಕಲಿತದ್ದು. ಹೆಸರು ಕೇಳಿರಲಿಲ್ಲ.